ಸಂಬಂಧವೂ ಸಂಕಲ್ಪವೂ: ನಮ್ಮ ಸೀಮೆಯ ಒಂದು ಚಾರಿತ್ರಿಕ ಅವಲೋಕನ

ದೇವಾಲಯವೊಂದರ ಶತಮಾನೋತ್ಸವದ ಸಂದರ್ಭದಲ್ಲಿ ಚರಿತ್ರೆಯನ್ನು ಬರೆಯಹೊರಟವರು ಅಸ್ತಿಭಾರದ ಕಲ್ಲಿನಿಂದ ಆರಂಭಿಸಿ, ಗೋಪುರ, ಗಂಟೆ, ಪೀಠ, ಪ್ರತಿಮೆಗಳನ್ನು ವರ್ಣಿಸಿ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿಯೊಂದಿಗೆ ಮುಗಿಸುವುದು ವಾಡಿಕೆ. ಆ ಕಾರ್ಯ ಈ ಸಂಚಿಕೆಯ ಬೇರೆ ಪುಟಗಳಿಗೆ ಸೇರಿದ್ದು. ನಾವು ಇಲ್ಲಿ ಕಟ್ಟಡವನ್ನು ಬಿಟ್ಟು ಕಪಾಟಿನೊಳಗಿನ ಎರಡು ಹಳೆಯ ಪುಸ್ತಕಗಳ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ಒಂದು ಜ್ಞಾನಸ್ನಾನದ ದಾಖಲೆ, ಇನ್ನೊಂದು ವಿವಾಹದ ದಾಖಲೆ. ಇವೆರಡೂ ಮೂಲತಃ ಸಂಬಂಧಗಳ ಪುಸ್ತಕಗಳು. ಯಾರು ಯಾರ ಮಗು, ಯಾರು ಯಾರಿಗೆ ಜ್ಞಾನ ತಂದೆತಾಯಿ, ಯಾರು ಯಾರನ್ನು ಯಾವ ಸಾಕ್ಷಿಗಳ ಎದುರಿನಲ್ಲಿ ಕೈಹಿಡಿದರು ಎಂಬುದನ್ನು ಬಿಟ್ಟರೆ ಇವುಗಳಲ್ಲಿ ಬೇರೇನೂ ಹೆಚ್ಚಾಗಿಲ್ಲ.

ನಮ್ಮ ನಾಡಿನಲ್ಲಿ ಸಂಬಂಧವನ್ನು ಋಣಾನುಬಂಧವೆಂದು ಕರೆಯುವುದುಂಟು. ಎಲ್ಲಿಯೋ ಹುಟ್ಟಿದವರು ಎಲ್ಲಿಯೋ ಬಂದು ಕೂಡುವುದನ್ನು ಕಂಡು ಹಿರಿಯರು ಆಡಿದ ಮಾತಿದು. ಅದರಲ್ಲಿ ವಿನಯವಿದೆ, ಕೃತಜ್ಞತೆಯೂ ಇದೆ. ಆದರೆ ಎಲ್ಲವನ್ನೂ ಋಣದ ಲೆಕ್ಕಕ್ಕೆ ಬರೆದುಬಿಟ್ಟರೆ ಮನುಷ್ಯನ ಹೊಣೆ ಎಲ್ಲಿ ಉಳಿಯಿತು? ಕ್ರೈಸ್ತ ಧರ್ಮ ಈ ಮಾತಿನ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತದೆ: ಸಂಕಲ್ಪ. ಸಂಬಂಧವು ದೇವರ ಕೊಡುಗೆ ಎಂಬುದು ಎಷ್ಟು ನಿಜವೋ, ಅದನ್ನು ತಿಳಿದು, ಒಪ್ಪಿ, ದಿನದಿನವೂ ಕಾಪಾಡಿಕೊಳ್ಳುವುದು ನಮ್ಮ ಕೆಲಸವೆಂಬುದೂ ಅಷ್ಟೇ ನಿಜ. ಈ ಸಂಕಲ್ಪದ ಪ್ರಶ್ನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಎಷ್ಟು ಕಠಿಣವಾದ ರೂಪದಲ್ಲಿ ಎದುರಾಯಿತು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸೀಮೆಯ ಸ್ಥಿತಿಗತಿ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಪ್ರಾಂತ್ಯವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ 1953ರ ಸೆಪ್ಟೆಂಬರ್ ಕೊನೆಯವರೆಗೆ ಈ ತಾಲ್ಲೂಕುಗಳು ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿದ್ದವು. 1953ರ ಅಕ್ಟೋಬರ್ 1ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಬಳ್ಳಾರಿ ಮೊದಲಾದ ತಾಲ್ಲೂಕುಗಳೊಡನೆ ಮೈಸೂರು ರಾಜ್ಯವನ್ನು ಸೇರಿದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನೆರೆಯ ತಾಲ್ಲೂಕುಗಳೊಡನೆ ನೂತನ ವಿಜಯನಗರ ಜಿಲ್ಲೆಗೆ ಸೇರಿತು. ಬಹುಕಾಲ ಕೂಡ್ಲಿಗಿಯೊಳಗೇ ಇದ್ದ ಕೊಟ್ಟೂರು ಇಂದು ಸ್ವತಂತ್ರ ತಾಲ್ಲೂಕು. ಇತ್ತ ಧರ್ಮಸಭೆಯ ಆಡಳಿತದಲ್ಲಿ 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರವು ಸ್ಥಾಪಿತವಾಗಿ, ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್ ಅವರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ಗಡಿಗಳು ಹೀಗೆ ಮತ್ತೆಮತ್ತೆ ಬದಲಾದವು. ಆದರೆ ಮಳೆಯನ್ನೇ ನಂಬಿದ ಮಸಾರಿ ನೆಲವೂ ಎರೆ ನೆಲವೂ, ಜೋಳ ನವಣೆ ಶೇಂಗಾಗಳನ್ನು ನೆಚ್ಚಿದ ಬದುಕೂ ಬಹುಪಾಲು ಹಾಗೆಯೇ ಉಳಿದವು.

ಮಳೆ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ 1876ರಿಂದ 78ರವರೆಗಿನ ಮಹಾಕ್ಷಾಮವೇ ಸಾಕ್ಷಿ. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕುಗ್ಗಿತು. 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅದರ ಮೇಲೆ ಅಲ್ಪ ಹಣ ಸಾಕೆಂದು ಸರ್ಕಾರ ನಿಗದಿಪಡಿಸಿದುದನ್ನು ಇತಿಹಾಸಕಾರರು ಇಂದಿಗೂ ಟೀಕಿಸುತ್ತಾರೆ. ಇಂತಹ ನೆಲದಲ್ಲಿ ಮುಪ್ಪಿನ ಕಾಲಕ್ಕೆ ಒಂದು ಆಸರೆಯಿರಬೇಕು, ಉಳುವ ತುಂಡು ಹೊಲ ಮನೆಯಲ್ಲಿಯೇ ಉಳಿಯಬೇಕು, ಸತ್ತಾಗ ಕ್ರಿಯೆ ಮಾಡುವವರೊಬ್ಬರು ಇರಬೇಕು ಎಂಬ ಚಿಂತೆ ಬಡವನ ಪಾಲಿಗೆ ಎಷ್ಟು ದೊಡ್ಡದೆಂಬುದನ್ನು ಮರೆತರೆ ಮುಂದಿನ ಮಾತು ಅರ್ಥವಾಗದು.

ಬಸವಿ ಬಿಡುವ ಪದ್ಧತಿ ಈ ಚಿಂತೆಯೊಡನೆ ಹೆಣೆದುಕೊಂಡೇ ಬೆಳೆದುದು. ದೊಡ್ಡ ದೇವಸ್ಥಾನಗಳಲ್ಲಿ ನೃತ್ಯ ಗಾನ ಸೇವೆಗೆಂದು ನೇಮಕಗೊಂಡು ಉಂಬಳಿ ಪಡೆದ ದೇವದಾಸಿಯರು ಬೇರೆ. ಹಳ್ಳಿಯ ಬಡ ಕುಟುಂಬದಲ್ಲಿ ದೇವರ ಹೆಸರಿಗೆ ಮುತ್ತು ಕಟ್ಟಿಸಿಕೊಂಡ ಬಸವಿಯು ಬೇರೆ. ಬಳ್ಳಾರಿ ಸೀಮೆಯಲ್ಲಿ ಹೆಚ್ಚಾಗಿ ಕಂಡುಬಂದುದು ಈ ಎರಡನೆಯ ಬಗೆ. ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ಎಂಬವರು 1890ರ ದಶಕದ ಆರಂಭದಲ್ಲಿಯೇ ಬಸವಿಯರನ್ನು ಕುರಿತು ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದರು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಅವರು ಸಿದ್ಧಪಡಿಸಿದ ಬಳ್ಳಾರಿ ಗೆಜೆಟಿಯರಿನಲ್ಲಿಯೂ ಈ ಪದ್ಧತಿಯ ವಿವರಣೆಯಿದೆ. ಅವುಗಳ ಸಾರಾಂಶ ಇಷ್ಟು: ಗಂಡು ಸಂತಾನವಿಲ್ಲದ ತಂದೆತಾಯಿಗಳು ಒಬ್ಬ ಮಗಳನ್ನು ದೇವರಿಗೆ ಬಿಡುತ್ತಿದ್ದರು. ಹಾಗೆ ಬಿಟ್ಟ ಮೇಲೆ ಅವಳು ಮದುವೆಯಾಗಿ ಹೊರಟುಹೋಗುವಂತಿರಲಿಲ್ಲ. ತವರಿನಲ್ಲಿಯೇ ಉಳಿದು ಗಂಡು ಮಗನ ಹಕ್ಕನ್ನೂ ಹೊರೆಯನ್ನೂ ಹೊತ್ತು, ಆಸ್ತಿಗೆ ವಾರಸುದಾರಳಾಗಿ, ಹೆತ್ತವರ ಅಂತ್ಯಕ್ರಿಯೆಯನ್ನು ನಡೆಸುತ್ತಿದ್ದಳು. ಅವಳಿಗೆ ಹುಟ್ಟಿದ ಮಕ್ಕಳು ತಾಯಿಯ ಮನೆತನಕ್ಕೆ ಸೇರುತ್ತಿದ್ದರು. ರೋಗರುಜಿನದ ಕಾಲದಲ್ಲಿ ಹರಕೆ ಹೊತ್ತು ಬಿಡುವುದೂ ಇತ್ತು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಂತಹ ಕ್ಷೇತ್ರಗಳ ಹೆಸರೂ ಇಂತಹ ಹರಕೆಗಳೊಡನೆ ಕೂಡಿಕೊಂಡಿತ್ತು. ಬಿಡಲ್ಪಟ್ಟವರಲ್ಲಿ ಅತಿ ಹೆಚ್ಚಿನವರು ದಲಿತ ಕುಟುಂಬಗಳ ಹೆಣ್ಣುಮಕ್ಕಳು ಎಂಬುದು ಗಮನಾರ್ಹ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ನಮ್ಮ ಗಾದೆ. ಈ ಗಾದೆಯನ್ನು ನಂಬಿದ ಸಮಾಜದಲ್ಲಿ ಮಗಳನ್ನು ಕುಲದೊಳಗೆ ಉಳಿಸಿಕೊಳ್ಳಲು ಕಂಡ ಉಪಾಯವೆಂದರೆ ಅವಳನ್ನು ಯಾರಿಗೂ ಕೊಡದೆ ಇರುವುದು. ಆದುದರಿಂದ ಈ ಪದ್ಧತಿಯನ್ನು ಕೇವಲ ದುರ್ನಡತೆಯೆಂದು ಹಳಿದು ಮುಂದೆ ಸಾಗುವುದು ನ್ಯಾಯವಲ್ಲ. ಹೆತ್ತವರಿಗೆ ಅಲ್ಲಿ ಒಂದು ಅಗತ್ಯವಿತ್ತು, ಒಂದು ಲೆಕ್ಕಾಚಾರವೂ ಇತ್ತು. ಇಲ್ಲದಿದ್ದುದು ಒಂದೇ: ಆ ಹುಡುಗಿಯ ಸಮ್ಮತಿ. ಬಹುಮಟ್ಟಿಗೆ ಮೈನೆರೆಯುವುದಕ್ಕೆ ಮುನ್ನವೇ ನಡೆಯುತ್ತಿದ್ದ ಆ ವಿಧಿಯಲ್ಲಿ ಅವಳನ್ನು ಕೇಳಿದವರಿಲ್ಲ. ಕೇಳಿದ್ದರೂ ಉತ್ತರಿಸುವ ವಯಸ್ಸು ಅವಳದಾಗಿರಲಿಲ್ಲ. ಬಳಿಕ ಅವಳ ಬಾಳಿನಲ್ಲಿ ಬಂದ ಗಂಡಸಿಗೆ ಸಂಬಂಧವಿತ್ತು, ಹೊಣೆಯಿರಲಿಲ್ಲ. ಬರುವುದಕ್ಕೆ ಅವನು ಯಾರ ಮುಂದೆಯೂ ಮಾತು ಕೊಡಬೇಕಾಗಿರಲಿಲ್ಲ. ಬಿಟ್ಟುಹೋಗುವುದಕ್ಕೆ ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಆಸ್ತಿಯೇ ಇಲ್ಲದ ಮನೆಗಳಲ್ಲಿ ವಾರಸಿನ ಹಕ್ಕಿಗೂ ಅರ್ಥವಿರಲಿಲ್ಲ. ಹೊರೆ ಮಾತ್ರ ಉಳಿಯಿತು. ಹೀಗೆ ಸಂಕಲ್ಪವಿಲ್ಲದ ಸಂಬಂಧದ ಸಂಪೂರ್ಣ ಭಾರವು ಒಬ್ಬ ಹೆಂಗಸಿನ ಮೇಲೂ ಅವಳ ಮಕ್ಕಳ ಮೇಲೂ ಬಿದ್ದಿತು. ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ತಂದೆಯ ಹೆಸರಿಗೆಂದು ಬಿಟ್ಟಿರುವ ಒಂದು ಗೆರೆ ಎಷ್ಟು ಮಕ್ಕಳ ತಲೆಯನ್ನು ತಗ್ಗಿಸಿತೆಂಬುದನ್ನು ಈ ಸೀಮೆಯ ಯಾವ ಉಪಾಧ್ಯಾಯರನ್ನು ಕೇಳಿದರೂ ಹೇಳಿಯಾರು.

ಇನ್ನು ಕಾನೂನಿನ ಚರಿತ್ರೆ. ಮೈಸೂರು ಸಂಸ್ಥಾನವು 1909ರಲ್ಲಿಯೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಆದರೆ ನಮ್ಮ ತಾಲ್ಲೂಕುಗಳು ಆಗ ಮದ್ರಾಸಿಗೆ ಸೇರಿದ್ದುದರಿಂದ ಆ ಆಜ್ಞೆ ಇಲ್ಲಿಗೆ ಮುಟ್ಟಲಿಲ್ಲ. ಮದ್ರಾಸಿನಲ್ಲಿ ವೈದ್ಯೆಯೂ ಶಾಸನಸಭೆಯ ಸದಸ್ಯೆಯೂ ಆಗಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1929ರ ಶಾಸನದಿಂದ ದೇವಸ್ಥಾನದ ಇನಾಮು ಭೂಮಿಗೂ ದೇವದಾಸಿಯ ಸೇವೆಗೂ ಇದ್ದ ಗಂಟು ಕಳಚಿತು. 1947ರ ಮದ್ರಾಸ್ ಕಾಯಿದೆಯು ಸಮರ್ಪಣೆಯನ್ನೇ ನಿಷೇಧಿಸಿತು. ಕರ್ನಾಟಕ ವಿಧಾನಮಂಡಲವು 1982ರಲ್ಲಿ ಅಂಗೀಕರಿಸಿದ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯು 1984ರಲ್ಲಿ ರಾಷ್ಟ್ರಪತಿಯವರ ಅನುಮತಿ ಪಡೆದು ಜಾರಿಗೆ ಬಂದಿತು. ಅದರ ಪ್ರಕಾರ ಸಮರ್ಪಣೆ ಅಸಿಂಧು. ಸಮರ್ಪಿತಳಾದ ಹೆಣ್ಣು ಮದುವೆಯಾದರೆ ಆ ಮದುವೆ ಸಿಂಧು, ಆ ಮದುವೆಯ ಮಕ್ಕಳು ನ್ಯಾಯಸಮ್ಮತ ಸಂತಾನ. ಸಮರ್ಪಿಸಿದವರು ತಂದೆತಾಯಿಗಳೋ ಬಂಧುಗಳೋ ಆಗಿದ್ದರೆ ಶಿಕ್ಷೆ ಐದು ವರ್ಷಗಳವರೆಗೆ ಏರಬಹುದು. ಮಿಕ್ಕವರಿಗಿಂತ ಹೆತ್ತವರಿಗೆ ಶಿಕ್ಷೆ ಹೆಚ್ಚು ಎಂಬ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ಕಾಯಿದೆಯಾದ ಮಾತ್ರಕ್ಕೆ ಪದ್ಧತಿ ಮಾಯವಾಗಲಿಲ್ಲ. 1993–94ರಲ್ಲಿ ಸರ್ಕಾರ ನಡೆಸಿದ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ಮಂದಿ ದೇವದಾಸಿಯರು ಗುರುತಿಸಲ್ಪಟ್ಟರು. 2007–08ರ ಸಮೀಕ್ಷೆಯ ಹೊತ್ತಿಗೆ ಒಟ್ಟು ಸಂಖ್ಯೆ 46,000ವನ್ನು ಮೀರಿತು. ಮೊದಲನೆಯ ಎಣಿಕೆಯಲ್ಲಿ ಬಿಟ್ಟುಹೋದವರೂ ಎರಡನೆಯದರಲ್ಲಿ ಸೇರಿದ್ದರೆಂಬುದನ್ನು ಗಮನಿಸಿದರೂ ಈ ಸಂಖ್ಯೆ ಸಣ್ಣದಲ್ಲ. ದೇವದಾಸಿಯರು ಹೆಚ್ಚಾಗಿದ್ದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಸೀಮೆಯ ಹೆಸರುಗಳು ತಪ್ಪದೆ ಬರುತ್ತವೆ. 2025ರಲ್ಲಿ ವಿಧಾನಮಂಡಲವು ಈ ತಾಯಂದಿರ ಮಕ್ಕಳ ಹಕ್ಕುಗಳನ್ನು ಕುರಿತು ಹೊಸ ವಿಧೇಯಕವನ್ನು ಅಂಗೀಕರಿಸಿತು. ಕಾನೂನು ಕೆಟ್ಟ ಕಟ್ಟನ್ನು ಬಿಚ್ಚಬಲ್ಲದು. ಬಿಚ್ಚಿದ ಮೇಲೆ ಆ ತಾಯಿಯನ್ನು ಅಕ್ಕ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವ ಕೆಲಸ ನೆರೆಹೊರೆಯವರದು.

ಈಗ ಧರ್ಮಸಭೆಯ ಚರಿತ್ರೆಗೆ ಬರೋಣ. ವಿವಾಹ ಸಂಸ್ಕಾರದ ಆರಂಭದಲ್ಲಿ ಗುರುಗಳು ವಧೂವರರನ್ನು ಒಂದು ಪ್ರಶ್ನೆ ಕೇಳುತ್ತಾರೆ: ಯಾರ ಬಲವಂತವೂ ಇಲ್ಲದೆ ಸ್ವಂತ ಮನಸ್ಸಿನಿಂದ ಬಂದಿರುವಿರಾ ಎಂದು. ಹೊಸ ಸೀರೆಯ ಸಂಭ್ರಮದಲ್ಲಿ, ಫೋಟೋ ತೆಗೆಯುವವರ ಗಡಿಬಿಡಿಯಲ್ಲಿ ಆ ಪ್ರಶ್ನೆ ನಮ್ಮ ಕಿವಿಯಿಂದ ಜಾರಿಹೋಗುತ್ತದೆ. ಆದರೆ ಅದನ್ನು ಅಲ್ಲಿ ನಿಲ್ಲಿಸಲು ಧರ್ಮಸಭೆಗೆ ಅನೇಕ ಶತಮಾನಗಳು ಬೇಕಾದವು. 866ರಲ್ಲಿ ಜಗದ್ಗುರು ಒಂದನೆಯ ನಿಕೋಲಾಸರು ಬಲ್ಗೇರಿಯದವರಿಗೆ ಬರೆದ ಉತ್ತರದಲ್ಲಿ, ಮಿಕ್ಕ ಆಡಂಬರಗಳೆಲ್ಲವೂ ಇಲ್ಲದಿದ್ದರೂ ಇಬ್ಬರ ಸಮ್ಮತಿಯೊಂದಿದ್ದರೆ ವಿವಾಹವು ಸಾಧ್ಯವೆಂದೂ, ಸಮ್ಮತಿಯಿಲ್ಲದಿದ್ದರೆ ಉಳಿದುದೆಲ್ಲ ವ್ಯರ್ಥವೆಂದೂ ತಿಳಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ಗುರು ಮೂರನೆಯ ಅಲೆಕ್ಸಾಂಡರರ ತೀರ್ಪುಗಳು ಈ ತತ್ತ್ವವನ್ನು ಗಟ್ಟಿಗೊಳಿಸಿದವು. ಅರಸರೂ ಸರದಾರರೂ ಹೆಣ್ಣುಮಕ್ಕಳನ್ನು ಸಂಧಿಪತ್ರಗಳಂತೆ ವಿನಿಮಯ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯ ಮಾತಾಗಿರಲಿಲ್ಲ.

ಸಮ್ಮತಿಯೊಂದೇ ಸಾಕೆಂದಾಗ ಇನ್ನೊಂದು ಅಪಾಯ ತಲೆಯೆತ್ತಿತು. ಗುಟ್ಟಾಗಿ ಮಾತು ಕೊಟ್ಟು, ಮುಂದೆ ಇಲ್ಲವೆಂದುಬಿಡುವ ಗಂಡಸರಿಂದ ಹೆಂಗಸರು ಮೋಸಹೋದರು. ಆದುದರಿಂದ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಮದುವೆಗೆ ಮುನ್ನ ದೇವಾಲಯದಲ್ಲಿ ಬಹಿರಂಗ ಪ್ರಕಟಣೆ ಆಗಬೇಕೆಂದು ವಿಧಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿಚಾರಣೆಯ ಗುರುವಿನ ಮತ್ತು ಸಾಕ್ಷಿಗಳ ಎದುರಿನಲ್ಲಿಯೇ ಸಮ್ಮತಿಯನ್ನು ಪ್ರಕಟಿಸಬೇಕೆಂದೂ, ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದೂ, ಜ್ಞಾನ ತಂದೆತಾಯಿಯ ಹೆಸರುಗಳನ್ನೂ ಬರೆದಿಡಬೇಕೆಂದೂ ಕಟ್ಟಳೆ ಮಾಡಿತು. ನಮ್ಮ ಕಪಾಟಿನ ಆ ಎರಡು ಪುಸ್ತಕಗಳ ವಂಶ ಅಲ್ಲಿಯವರೆಗೆ ಹೋಗುತ್ತದೆ. ಅವು ಹುಟ್ಟಿದುದು ಕಚೇರಿಯ ಅನುಕೂಲಕ್ಕಾಗಿ ಮಾತ್ರವಲ್ಲ. ಕೊಟ್ಟ ಮಾತನ್ನು ಬಲಶಾಲಿಯು ಅಲ್ಲಗಳೆಯದಂತೆ ಬಲಹೀನರನ್ನು ರಕ್ಷಿಸುವುದಕ್ಕಾಗಿಯೂ ಹೌದು. 1908ರಿಂದ ಜಾರಿಗೆ ಬಂದ ‘ನೆ ತೆಮೆರೆ’ ಆಜ್ಞಾಪತ್ರವು ಈ ನಿಯಮವನ್ನು ಇನ್ನಷ್ಟು ವಿಸ್ತರಿಸಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ವಿವಾಹವನ್ನು ಪ್ರೀತಿಯ ಒಡಂಬಡಿಕೆಯಾಗಿ ವಿವರಿಸಿತು. 1983ರ ಧರ್ಮಸಭಾ ಸಂಹಿತೆಯ 1057ನೆಯ ವಿಧಿಯ ತಾತ್ಪರ್ಯವೇನೆಂದರೆ, ವಿವಾಹವನ್ನು ಉಂಟುಮಾಡುವುದು ಇಬ್ಬರ ಸಮ್ಮತಿಯೇ. ಅದನ್ನು ಅವರ ಬದಲಾಗಿ ಯಾವ ಮಾನವ ಅಧಿಕಾರವೂ ಕೊಡಲಾರದು. ತಂದೆ ಕೊಡಲಾರ, ಊರ ಹಿರಿಯರು ಕೊಡಲಾರರು, ಗುರುಗಳೂ ಕೊಡಲಾರರು.

ಬಸವಿ ಪದ್ಧತಿಯ ಪಕ್ಕದಲ್ಲಿ ಈ ತತ್ತ್ವವನ್ನಿಟ್ಟು ನೋಡಿದಾಗ ಎರಡರ ಅಂತರ ಸ್ಪಷ್ಟವಾಗುತ್ತದೆ. ಒಂದರಲ್ಲಿ ಹುಡುಗಿಯ ಬದಲಾಗಿ ಮನೆಯವರು ನಿರ್ಣಯಿಸುತ್ತಾರೆ. ಇನ್ನೊಂದರಲ್ಲಿ ಅವಳು ಬಾಯಿ ತೆರೆದು ಹೇಳುವವರೆಗೆ ಏನೂ ನಡೆಯುವಂತಿಲ್ಲ. ಆದರೆ ಇಷ್ಟು ಹೇಳಿ ನಾವು ಹೆಮ್ಮೆಪಟ್ಟುಕೊಂಡು ಕುಳಿತರೆ ಚರಿತ್ರೆಗೆ ಅಪಚಾರವಾದೀತು. ವಿವಾಹವಿಲ್ಲದೆ ಹುಟ್ಟಿದ ಮಗುವಿನ ಮೇಲೆ ಧರ್ಮಸಭೆಯೂ ಬಹುಕಾಲ ಒಂದು ಕಳಂಕವನ್ನು ಹೊರಿಸಿತ್ತು. 1917ರ ಸಂಹಿತೆಯ ಪ್ರಕಾರ ಅಂತಹ ಹುಡುಗನು ಗುರುದೀಕ್ಷೆ ಪಡೆಯಬೇಕಾದರೆ ವಿಶೇಷ ವಿನಾಯಿತಿ ಬೇಕಾಗಿತ್ತು. ತಾನು ಮಾಡದ ತಪ್ಪಿಗೆ ಅವನು ಅನುಮತಿ ಬೇಡಬೇಕಾಗಿತ್ತು. 1983ರ ಸಂಹಿತೆಯು ಈ ಅಡ್ಡಿಯನ್ನು ತೆಗೆದುಹಾಕಿತು. ಅದೇ ಸಂಹಿತೆಯ 877ನೆಯ ವಿಧಿಯು ಅವಿವಾಹಿತ ತಾಯಿಯ ಮಗುವಿನ ಜ್ಞಾನಸ್ನಾನವನ್ನು ದಾಖಲಿಸುವಾಗ, ಅವಳ ತಾಯ್ತನವು ಬಹಿರಂಗವಾಗಿ ಸಿದ್ಧವಾಗಿದ್ದರೆ ಅಥವಾ ಅವಳೇ ಇಚ್ಛೆಪಟ್ಟು ಕೇಳಿದರೆ ತಾಯಿಯ ಹೆಸರನ್ನು ಬರೆಯಬೇಕೆಂದು ಹೇಳುತ್ತದೆ. ತಂದೆಯ ಹೆಸರಿನ ಗೆರೆ ಖಾಲಿಯಿದ್ದರೂ ತಾಯಿಯ ಹೆಸರಿಗೆ ಅಲ್ಲಿ ಸ್ಥಾನವಿದೆ, ಜ್ಞಾನ ತಂದೆತಾಯಿಯ ಹೆಸರಿಗೂ ಸ್ಥಾನವಿದೆ. ರಕ್ತದಿಂದ ಬಾರದ ಸಂಬಂಧವೊಂದನ್ನು ಇಡೀ ಸಭೆಯ ಎದುರಿನಲ್ಲಿ ಸಂಕಲ್ಪದಿಂದ ಕಟ್ಟಿಕೊಡುವ ಏರ್ಪಾಡು ಇದು.

ಇನ್ನು ನಮ್ಮ ಮನೆಗಳೊಳಗೆ ಒಮ್ಮೆ ಇಣುಕಿ ನೋಡೋಣ. ಮುತ್ತು ಕಟ್ಟುವುದು ನಮ್ಮಲ್ಲಿಲ್ಲ, ನಿಜ. ಆದರೆ ವರನ ಮನೆಯವರು ಒಪ್ಪಿ, ವರದಕ್ಷಿಣೆಯ ಮಾತು ಮುಗಿದು, ಛತ್ರ ಗೊತ್ತಾದ ಮೇಲೆ ಹುಡುಗಿಗೆ ಸುದ್ದಿ ತಿಳಿಸುವ ಮನೆಗಳು ನಮ್ಮಲ್ಲಿ ಇಲ್ಲವೇ? 1961ರಲ್ಲಿಯೇ ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ ಬಂದಿತು. ಅದು ಬೇರೆಬೇರೆ ಹೆಸರುಗಳಲ್ಲಿ ಇನ್ನೂ ಬದುಕಿದೆ. ಪೀಠದ ಮುಂದೆ ಅವಳು ಹೇಳುವ ‘ಹೌದು’ ಆಗ ಸಮ್ಮತಿಯೋ, ಹೆತ್ತವರ ಮಾನ ಉಳಿಸುವ ಪ್ರಯತ್ನವೋ? ಜ್ಞಾನ ತಂದೆತಾಯಿಯನ್ನು ಆರಿಸುವಾಗ ಮಗುವಿನ ವಿಶ್ವಾಸವನ್ನು ನೆನೆಯುವವರೆಷ್ಟು, ಕೈಗೆ ಬರುವ ಉಡುಗೊರೆಯನ್ನು ನೆನೆಯುವವರೆಷ್ಟು? ನೆಂಟಸ್ತನ ಬೆಳೆಸುವಾಗ ಹುಟ್ಟಿದ ಜಾತಿಯನ್ನು ದೇವಾಲಯದ ಹೊಸ್ತಿಲಿನಾಚೆ ಬಿಟ್ಟು ಬಂದವರೆಷ್ಟು? ಬಸವಿಯಾಗಿದ್ದ ತಾಯಿಯೊಬ್ಬಳು ಮಗುವಿನೊಡನೆ ದೇವಾಲಯದ ಬಾಗಿಲಿಗೆ ಬಂದರೆ ನಮ್ಮ ಬೆಂಚುಗಳಲ್ಲಿ ಅವಳಿಗಾಗಿ ಸರಿದು ಕೂರುವವರೆಷ್ಟು?

ಗುಳೆಯ ಮಾತನ್ನೂ ಇಲ್ಲಿ ಆಡಲೇಬೇಕು. ಮಳೆಯಿಲ್ಲದ ವರ್ಷ ಈ ತಾಲ್ಲೂಕುಗಳಿಂದ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಮಲೆನಾಡಿನ ಕಾಫಿ ತೋಟಗಳಿಗೂ ಹೊರಡುತ್ತವೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಕೆಲವೊಮ್ಮೆ ಗಂಡ ಒಂದೂರು, ಹೆಂಡತಿ ಇನ್ನೊಂದೂರು. ಮನೆಯಲ್ಲಿ ಜೊತೆಗಿದ್ದಾಗ ಸಂಬಂಧವು ರೂಢಿಯ ಬಲದಿಂದಲೇ ಸ್ವಲ್ಪ ದೂರ ಸಾಗೀತು. ದೂರವಾದಾಗ ಸಂಕಲ್ಪವಿಲ್ಲದ ಸಂಬಂಧ ತಾನಾಗಿಯೇ ಸೊರಗುತ್ತದೆ. ವಾರಕ್ಕೊಮ್ಮೆ ತಪ್ಪದೆ ಮಾತನಾಡುವ ಗಂಡ, ಗಳಿಸಿದ ಹಣದ ಲೆಕ್ಕವನ್ನು ಮುಚ್ಚಿಡದ ಹೆಂಡತಿ, ಹಬ್ಬಕ್ಕೆ ಬರುತ್ತೇನೆಂದು ಮಗುವಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ತಂದೆ, ಇವರು ಯಾವ ಗ್ರಂಥವನ್ನೂ ಓದದೆಯೇ ವಿವಾಹ ಸಂಸ್ಕಾರದ ಅರ್ಥವನ್ನು ಅರಿತವರು.

ಶುಭಸಂದೇಶದಲ್ಲಿ ಸಂತ ಯೊವಾನ್ನರು ಹೇಳುವ ಸಮಾರ್ಯದ ಸ್ತ್ರೀಯ ಪ್ರಸಂಗವನ್ನು ನಮ್ಮ ಸೀಮೆಯವರು ವಿಶೇಷವಾಗಿ ಧ್ಯಾನಿಸಬೇಕು. ನಡುಮಧ್ಯಾಹ್ನ ಒಬ್ಬಳೇ ನೀರಿಗೆ ಬಂದ ಹೆಂಗಸು ಅವಳು. ಅವಳ ಬಾಳಿನಲ್ಲಿ ಅನೇಕ ಗಂಡಸರು ಬಂದುಹೋಗಿದ್ದರು. ನೀರಿನ ಬವಣೆಯನ್ನು ಬಲ್ಲ ಕೂಡ್ಲಿಗಿ ಕಡೆಯ ಹೆಣ್ಣುಮಕ್ಕಳಿಗೆ ಆ ಬಾವಿ, ಆ ಬಿಸಿಲು, ಆ ಕೊಡ ಯಾವುದನ್ನೂ ವಿವರಿಸಬೇಕಾಗಿಲ್ಲ. ಯೇಸುಸ್ವಾಮಿ ಅವಳನ್ನು ಕಂಡು ಮುಖ ತಿರುಗಿಸಲಿಲ್ಲ. ಮೊದಲು ಅವಳ ಕೈಯಿಂದಲೇ ನೀರು ಬೇಡಿದರು. ಅವಳ ಬಾಳಿನ ಸತ್ಯವನ್ನು ಮರೆಮಾಚಲೂ ಇಲ್ಲ, ಅದನ್ನು ಅವಳ ಮುಖಕ್ಕೆ ಎಸೆಯಲೂ ಇಲ್ಲ. ಕೊನೆಗೆ ಊರಿಗೆ ಸುದ್ದಿ ಕೊಂಡೊಯ್ದವಳು ಅವಳೇ. ಕುಲ, ಲಿಂಗ, ಹೆಸರು ಇವುಗಳ ಗೋಡೆಗಳನ್ನು ದಾಟಿ ಒಬ್ಬರೊಡನೆ ಬೇಕೆಂದೇ ಮಾತನಾಡುವುದು ಹೇಗೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ನಮಗೆ ತಿಳಿಯದು.

ಇಷ್ಟನ್ನು ತಿಳಿದ ಮೇಲೆ ಈ ಉತ್ಸವ ವರ್ಷದಲ್ಲಿ ನಾವು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮದುವೆಯ ಮಾತುಕತೆ ಮುಗಿಯುವ ಮುನ್ನವೇ, ಮುಗಿದ ಮೇಲಲ್ಲ, ಮಗಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಅವಳ ಮನಸ್ಸನ್ನು ಕೇಳೋಣ. ಬೇಡವೆಂದರೆ ಆ ಮಾತಿಗೆ ಬೆಲೆ ಕೊಡೋಣ. ಜ್ಞಾನ ತಂದೆತಾಯಿಯಾಗಲು ಒಪ್ಪಿದವರು ವರ್ಷಕ್ಕೊಮ್ಮೆಯಾದರೂ ಆ ಮಗುವಿನ ಓದು, ಪ್ರಾರ್ಥನೆ, ಆರೋಗ್ಯಗಳನ್ನು ವಿಚಾರಿಸೋಣ. ಗುಳೆ ಹೊರಟ ಕುಟುಂಬವನ್ನು ಹೋಗುವ ಊರಿನ ವಿಚಾರಣೆಗೆ ಪರಿಚಯಿಸಿ ಕಳುಹಿಸೋಣ. ಇಲ್ಲಿ ಉಳಿದ ಅಜ್ಜಿ ಮೊಮ್ಮಕ್ಕಳ ಮನೆಗೆ ಭಾನುವಾರ ಒಂದು ಹೆಜ್ಜೆ ಇಡೋಣ. ತಂದೆಯ ಹೆಸರಿಲ್ಲದ ಮಗುವನ್ನು ಕರೆತಂದ ತಾಯಿಯ ಹೆಸರನ್ನು ತಗ್ಗಿದ ದನಿಯಲ್ಲಿ ಕೇಳದೆ, ಎಲ್ಲರ ಹೆಸರನ್ನು ಕೇಳುವಂತೆಯೇ ಕೇಳಿ ಬರೆದುಕೊಳ್ಳೋಣ.

ನೂರು ವರ್ಷಗಳಲ್ಲಿ ನಮ್ಮ ಪುಸ್ತಕಗಳ ಕಾಗದ ಹಳದಿಯಾಗಿದೆ, ಶಾಯಿ ಮಸುಕಾಗಿದೆ. ಅಲ್ಲಿರುವ ಪ್ರತಿಯೊಂದು ಹೆಸರಿನ ಹಿಂದೆ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮಾತಿದೆ. ಮುಂದಿನ ನೂರು ವರ್ಷಗಳ ಪುಟಗಳು ಇನ್ನೂ ಬಿಳಿಯಾಗಿವೆ. ಅವುಗಳಲ್ಲಿ ಬರೆಯಲಾಗುವ ಹೆಸರುಗಳಿಗೆ ನಾವು ಕೊಡುವ ಮಾತು ಬಾಯಿಮಾತಾಗದಿರಲೆಂದು, ನಮ್ಮನ್ನು ಮೊದಲೇ ಆರಿಸಿ ಪ್ರೀತಿಸಿದ ಪ್ರಭುವಿನಲ್ಲಿ ನಮ್ರವಾಗಿ ಬೇಡಿಕೊಳ್ಳುತ್ತೇವೆ.